ತ್ರಿಯೆಸ್ತೆಯಲ್ಲೊಂದು ‘ನೇರೊ’

“ಅತ್ತೆ, ಇಲ್ಲಿ ಎಸ್ಪ್ರೆಸೊ ಅಂತ ಕೇಳಬೇಡಿ. ‘ಉನ್ ನೇರೊ’ ಅನ್ನಿ, ಸಾಕು.”

ಅಣ್ಣನ ಮಗ ಹೀಗೆ ಹೇಳಿಕೊಟ್ಟಾಗ ಬೆಳಿಗ್ಗೆ ಏಳೂವರೆ. ನವೆಂಬರ್ ತಿಂಗಳ ಚಳಿ. ಬೆಟ್ಟದ ಕಡೆಯಿಂದ ಇಳಿದು ಬರುವ ‘ಬೋರಾ’ ಎಂಬ ಗಾಳಿ ಬೀದಿಯುದ್ದಕ್ಕೂ ನುಗ್ಗುತ್ತಿತ್ತು. ಕಿವಿ ಮುಚ್ಚುವಂತೆ ಶಾಲು ಸುತ್ತಿಕೊಂಡು, ಅವನ ಹಿಂದೆಯೇ ಒಂದು ಪುಟ್ಟ ಬಾರಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಇಟಲಿಯಲ್ಲಿ ಬಾರು ಎಂದರೆ ಮೊದಲಿಗೆ ಕಾಫಿ ಅಂಗಡಿ. ಬೆಳಗಿನ ಹೊತ್ತು ಅಲ್ಲಿ ಕೂರುವವರೇ ಇಲ್ಲ. ಕಟ್ಟೆಗೆ ಮೊಣಕೈ ಊರಿ ನಿಂತು, ಮೂರು ಗುಟುಕಿನಲ್ಲಿ ಕುಡಿದು, ಚಿಲ್ಲರೆ ಇಟ್ಟು ಹೊರಡುತ್ತಾರೆ.

ತ್ರಿಯೆಸ್ತೆ ಇಟಲಿಯ ಈಶಾನ್ಯ ಮೂಲೆಯಲ್ಲಿ, ಸ್ಲೊವೇನಿಯಾದ ಗಡಿಗೆ ಅಂಟಿಕೊಂಡಿರುವ ಬಂದರು. ವೆನಿಸ್‌ನಿಂದ ರೈಲಿನಲ್ಲಿ ಎರಡು ತಾಸಿನ ದಾರಿ. ಊರಂಚಿನ ಮಿರಮಾರೆಯಲ್ಲಿ, ಅಬ್ದುಸ್ ಸಲಾಂ ಅವರು 1964ರಲ್ಲಿ ಕಟ್ಟಿದ ಭೌತವಿಜ್ಞಾನ ಕೇಂದ್ರದಲ್ಲಿ ನನ್ನ ಅಣ್ಣನ ಮಗ ಸಂಶೋಧನೆ ಮಾಡುತ್ತಾನೆ. ಅವನನ್ನು ನೋಡುವುದು ಒಂದು ನೆಪ. ಸಕಲೇಶಪುರದ ಹತ್ತಿರ ಆರು ಎಕರೆ ಕಾಫಿ ತೋಟದ ಮನೆಯಲ್ಲಿ ಹುಟ್ಟಿದವಳು ನಾನು. ನಮ್ಮ ಕಾಫಿ ಹಡಗು ಹತ್ತಿ ಎಲ್ಲಿಗೆ ಹೋಗುತ್ತದೆ, ಅಲ್ಲಿ ಯಾವ ರುಚಿಯಾಗುತ್ತದೆ ಎಂದು ಒಮ್ಮೆಯಾದರೂ ಕಣ್ಣಾರೆ ನೋಡಬೇಕೆಂಬ ಆಸೆ ಚಿಕ್ಕಂದಿನಿಂದ ಇತ್ತು.

‘ನೇರೊ’ ಎಂದರೆ ಕಪ್ಪು. ಇಟಲಿಯ ಬೇರೆ ಊರುಗಳಲ್ಲಿ ಸುಮ್ಮನೆ ‘ಕಾಫೆ’ ಎಂದರೆ ಎಸ್ಪ್ರೆಸೊ ಬರುತ್ತದೆ. ತ್ರಿಯೆಸ್ತೆಗೆ ಮಾತ್ರ ತನ್ನದೇ ಕಾಫಿ ಭಾಷೆ. ಮೇಲೆ ತುಸು ಹಾಲಿನ ನೊರೆ ಬೇಕಿದ್ದರೆ ‘ಕಾಪೊ’. ಅದನ್ನೇ ಗಾಜಿನ ಪುಟ್ಟ ಲೋಟದಲ್ಲಿ ಬೇಕೆಂದರೆ ‘ಕಾಪೊ ಇನ್ ಬಿ’. ‘ಬಿ’ ಎಂದರೆ ಬಿಕ್ಕಿಯೆರೆ, ಲೋಟ. ನಮ್ಮ ಹೋಟೆಲುಗಳಲ್ಲಿ ಬೈಟು, ಸ್ಟ್ರಾಂಗು, ಸಕ್ಕರೆ ಕಮ್ಮಿ ಎಂದು ಕೂಗುವುದು ನೆನಪಾಯಿತು. ದಿನಾ ಕುಡಿಯುವವರಿರುವ ಕಡೆ ಕಾಫಿಗೆ ಒಂದು ಮನೆಮಾತು ತಾನಾಗಿ ಹುಟ್ಟಿಕೊಳ್ಳುತ್ತದೆ.

ಕಟ್ಟೆಯ ಆಚೆ ನಿಂತಿದ್ದ ನಡುವಯಸ್ಸಿನಾತ ಹಿಡಿಕೆಯಿದ್ದ ಬಟ್ಟಲನ್ನು ಬಡಿದು ಹಳೇ ಗಸಿ ಉದುರಿಸಿದ. ಬೀಸುವ ಯಂತ್ರದಡಿ ಹಿಡಿದು ಹೊಸ ಪುಡಿ ತುಂಬಿದ. ಮೇಲಿನಿಂದ ಒತ್ತಿ ಸಮ ಮಾಡಿ, ಯಂತ್ರದ ಬಾಯಿಗೆ ಸಿಕ್ಕಿಸಿ ತಿರುಗಿಸಿದ. ನಾಲ್ಕೈದು ಸೆಕೆಂಡು ಏನೂ ಇಲ್ಲ. ಆಮೇಲೆ ಎರಡು ಹನಿ, ಕಡುಗಂದು. ಹನಿಗಳು ಕೂಡಿ ಧಾರೆಯಾದವು. ಸಣ್ಣಗೆ, ತುಸು ಬಾಗಿದ ಧಾರೆ. ಇಲ್ಲಿನವರು ಅದಕ್ಕೆ ‘ಇಲಿಬಾಲ’ ಎನ್ನುತ್ತಾರಂತೆ. ಧಾರೆ ಅದಕ್ಕಿಂತ ದಪ್ಪಗಾದರೆ ಪುಡಿ ತರಿಯಾಗಿದೆ, ತೊಟ್ಟಿಕ್ಕಿದರೆ ಪುಡಿ ತೀರ ನುಣ್ಣಗಾಗಿದೆ ಎಂದು ಲೆಕ್ಕ. ಬೋರಾ ಬೀಸುವ ದಿನ ಗಾಳಿಯ ತೇವ ಇಳಿಯುತ್ತದೆ, ಅದಕ್ಕೆ ತಕ್ಕ ಹಾಗೆ ಬೀಸುವ ಯಂತ್ರವನ್ನೂ ತಿರುವಬೇಕು ಎಂದ ಆತ. ಮಾತು ಮುಗಿಯುವ ಮೊದಲೇ ಧಾರೆಯ ಬಣ್ಣ ಜೋನಿಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಅದು ತಿಳಿಯಾಗುವ ಮುನ್ನ ಕೈಯಿಟ್ಟು ನಿಲ್ಲಿಸಿದ. ಹೆಚ್ಚೆಂದರೆ 25 ಸೆಕೆಂಡು.

ದಪ್ಪ ಪಿಂಗಾಣಿಯ ಕಪ್ಪು, ಅದರಲ್ಲಿ ಎರಡು ದೊಡ್ಡ ಚಮಚದಷ್ಟು ಕಾಫಿ, ಪಕ್ಕದಲ್ಲಿ ಒಂದು ಲೋಟ ನೀರು. ಕಾಫಿಯ ಮೇಲೆ ಕಂದುಬಣ್ಣದ ನೊರೆ, ಅದೇ ಕ್ರೇಮಾ. ಪಕ್ಕದಲ್ಲಿ ನಿಂತ ಹೆಂಗಸು ತನ್ನ ಕಪ್ಪಿಗೆ ಸಕ್ಕರೆ ಸುರಿದರು. ಸಕ್ಕರೆ ಒಂದೆರಡು ಕ್ಷಣ ನೊರೆಯ ಮೇಲೆ ಕೂತು, ಆಮೇಲೆ ನಿಧಾನಕ್ಕೆ ಮುಳುಗಿತು. ನಾನು ಸಕ್ಕರೆ ಹಾಕಲಿಲ್ಲ. ಮೊದಲ ಗುಟುಕಿಗೆ ಕಹಿ. ಅದರ ಬೆನ್ನಿಗೇ ಸುಟ್ಟ ಸಕ್ಕರೆಯ ಸಿಹಿ, ಹುರಿದ ಕಡಲೆಬೀಜದ ಎಣ್ಣೆಯಂಶ. ನುಂಗಿದ ಮೇಲೆ ನಾಲಿಗೆಯ ಹಿಂಬದಿಯಲ್ಲಿ ಹುರಿದ ಧಾನ್ಯದ ವಾಸನೆ ಉಳಿಯಿತು, ರಾಗಿ ಹುರಿಯುವಾಗ ಮನೆ ತುಂಬುವಂಥದ್ದು. ಬಾಗಿಲು ದಾಟಿ ಬೀದಿ ತಿರುಗಿದರೂ ಅದು ಹೋಗಲಿಲ್ಲ.

“ಆ ಕೊನೇ ವಾಸನೆ ಇದೆಯಲ್ಲ ಅತ್ತೆ, ಅದು ಯಾವ ಊರಿಂದು ಅಂತ ಈಗ ತೋರಿಸ್ತೀನಿ ಬನ್ನಿ,” ಎಂದ ಹುಡುಗ.

ಹಬೆಯಿಂದ ಒತ್ತಡಕ್ಕೆ

ದಾರಿಯಲ್ಲಿ ಪಿಯಾತ್ಸಾ ಉನಿತಾ ಸಿಗುತ್ತದೆ. ಮೂರು ಕಡೆ ಅರಮನೆಯಂಥ ಕಟ್ಟಡಗಳು, ನಾಲ್ಕನೆಯ ಕಡೆ ನೇರ ಸಮುದ್ರ. ಚೌಕದ ಅಂಚಿನಲ್ಲಿ 1839ರಿಂದ ನಡೆಯುತ್ತಿರುವ ಕಾಫೆ ದೆಲ್ಯಿ ಸ್ಪೆಕ್ಕಿ ಇದೆ. ಇನ್ನೂ ಹಳೆಯದಾದ ಕಾಫೆ ತೊಮ್ಮಸೇಯೊ 1830ರದ್ದು. ಅದೂ ಇಲ್ಲಿಂದ ಕೆಲವೇ ಹೆಜ್ಜೆ. ಈ ಊರು ಶತಮಾನಗಟ್ಟಲೆ ಇಟಲಿಯದಾಗಿರಲಿಲ್ಲ. ವಿಯೆನ್ನಾದ ಹ್ಯಾಬ್ಸ್‌ಬರ್ಗ್ ದೊರೆಗಳ ಕೈಯಲ್ಲಿತ್ತು. 1719ರಲ್ಲಿ ಆರನೆಯ ಚಾರ್ಲ್ಸ್ ಚಕ್ರವರ್ತಿ ಇದನ್ನು ಸುಂಕವಿಲ್ಲದ ಬಂದರೆಂದು ಸಾರಿದ. ಆಮೇಲೆ ಸಾಮ್ರಾಜ್ಯಕ್ಕೆ ಬೇಕಾದ ಕಾಫಿ ಈ ಹೆಬ್ಬಾಗಿಲಿನಿಂದ ಒಳಗೆ ಹೋಯಿತು. ವಿಯೆನ್ನಾದಿಂದ ಕೂತು ಕುಡಿಯುವ ಅಭ್ಯಾಸ ಬಂತು, ಇಟಲಿಯಿಂದ ನಿಂತು ಕುಡಿಯುವ ಅಭ್ಯಾಸ. ಎರಡೂ ಇಲ್ಲಿ ಇವತ್ತಿಗೂ ಒಟ್ಟೊಟ್ಟಿಗೆ ಇವೆ.

ನಿಂತು ಕುಡಿಯುವ ಕಾಫಿಯ ಕತೆ ಯಂತ್ರದ ಕತೆಯೂ ಹೌದು. ತೂರಿನ್ನಿನ ಆಂಜೆಲೊ ಮೊರಿಯೊಂಡೊ 1884ರಲ್ಲಿ ಹಬೆಯ ಬಲದಿಂದ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅದು ಒಮ್ಮೆಲೇ ಬಹಳ ಜನಕ್ಕಾಗುವಷ್ಟು ಕಾಫಿ ಮಾಡುತ್ತಿತ್ತು. ಮಿಲಾನಿನ ಲುಯಿಜಿ ಬೆಝೆರಾ 1901ರಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಕಪ್ಪು ಇಳಿಸುವ ಯಂತ್ರ ತಂದ. ಅದನ್ನು ದೆಸಿದೆರಿಯೊ ಪವೋನಿ ಕೊಂಡು, ತಯಾರಿಸಿ, ಊರೂರಿಗೆ ಹರಡಿದ. ಕೇಳಿದವರಿಗೆಂದೇ, ಕೇಳಿದ ಗಳಿಗೆಯಲ್ಲಿ ಮಾಡಿಕೊಟ್ಟದ್ದು ಎನ್ನುವ ಅರ್ಥ ‘ಎಸ್ಪ್ರೆಸೊ’ ಎಂಬ ಹೆಸರಿನೊಳಗೇ ಇದೆ.

ಆ ಕಾಲದ ಎಸ್ಪ್ರೆಸೊದಲ್ಲಿ ಈಗ ನೋಡುವ ನೊರೆ ಇರಲಿಲ್ಲ. ಹಬೆಯ ಒತ್ತಡ ಕಡಿಮೆ, ಬಿಸಿ ಜಾಸ್ತಿ. ಕಾಫಿ ಸೀದ ಹಾಗಾಗುತ್ತಿತ್ತು. ಅದನ್ನು ಬದಲಿಸಿದವನು ಮಿಲಾನಿನ ಅಕಿಲ್ಲೆ ಗಾಜ್ಜಾ. ಹಬೆ ಬಿಟ್ಟು ನೀರನ್ನೇ ಜೋರಾಗಿ ಒತ್ತುವ ಉಪಾಯಕ್ಕೆ 1938ರಲ್ಲಿ ಪೇಟೆಂಟ್ ಅರ್ಜಿ ಹಾಕಿದ. ಯುದ್ಧ ಮುಗಿದ ಮೇಲೆ, ಉದ್ದನೆಯ ಹಿಡಿ ಎಳೆದರೆ ಸ್ಪ್ರಿಂಗು ಒತ್ತುವ ಯಂತ್ರ ಮಾರುಕಟ್ಟೆಗೆ ಬಂತು. ಹುರಿದ ಕಾಳಿನೊಳಗೆ ಸಿಕ್ಕಿಕೊಂಡ ಇಂಗಾಲದ ಡೈ ಆಕ್ಸೈಡ್ ಆ ಒತ್ತಡದಲ್ಲಿ ನೀರಿಗೆ ಕರಗಿ, ಕಪ್ಪಿಗೆ ಬಿದ್ದ ತಕ್ಷಣ ಸಣ್ಣ ಸಣ್ಣ ಗುಳ್ಳೆಗಳಾಗಿ ಮೇಲೆದ್ದಿತು. ಹೀಗೆ ಕ್ರೇಮಾ ಹುಟ್ಟಿತು. 1961ರಲ್ಲಿ ಫಾಯೆಮಾ ಕಂಪನಿಯ ಇ61 ಯಂತ್ರದಲ್ಲಿ ತೋಳಿನ ಕೆಲಸವನ್ನು ಮೋಟಾರು ಪಂಪು ವಹಿಸಿಕೊಂಡಿತು. ಸುಮಾರು 7 ಗ್ರಾಂ ಪುಡಿ, 9 ಬಾರ್ ಒತ್ತಡ, 25 ಸೆಕೆಂಡು, 25 ಮಿಲಿ ಲೀಟರು: ಇಟಲಿಯ ದಿನನಿತ್ಯದ ಕಪ್ಪಿನ ಅಳತೆ ಇದು.

ಈ ಕತೆಯಲ್ಲಿ ತ್ರಿಯೆಸ್ತೆಗೂ ಪಾಲಿದೆ. ಟೆಮೆಶ್ವಾರಿನಲ್ಲಿ ಹುಟ್ಟಿದ ಹಂಗೇರಿಯ ಫ್ರಾಂಚೆಸ್ಕೊ ‘ಇಲ್ಲಿ’ ಎಂಬಾತ 1933ರಲ್ಲಿ ಈ ಊರಿನಲ್ಲಿ ತನ್ನ ಹೆಸರಿನ ಕಾಫಿ ಕಂಪನಿ ತೆರೆದ. ಹಬೆಯ ಬದಲು ಒತ್ತಿದ ಗಾಳಿಯನ್ನು ಬಳಸುವ ಯಂತ್ರ ಮಾಡಿದ. ಹುರಿದ ಕಾಫಿ ಹಳಸದ ಹಾಗೆ ಡಬ್ಬಿಯಿಂದ ಗಾಳಿ ತೆಗೆದು ಜಡ ಅನಿಲ ತುಂಬುವ ವಿಧಾನವನ್ನೂ ಕಂಡುಹಿಡಿದ. ಆ ಕಂಪನಿಯ ಮಿಶ್ರಣದಲ್ಲಿ ಅರೇಬಿಕಾ ಜಾತಿಯ ಕಾಫಿ ಮಾತ್ರ. ಆದರೆ ಇಟಲಿಯ ಬೀದಿಬದಿಯ ಕಪ್ಪುಗಳಲ್ಲಿ ಬಹುಪಾಲು ಹಾಗಿಲ್ಲ. ಅವುಗಳಲ್ಲಿ ರೋಬಸ್ಟಾ ಜಾತಿಯೂ ಸೇರಿದೆ. ದಕ್ಷಿಣಕ್ಕೆ, ನೇಪಲ್ಸಿನ ಕಡೆಗೆ ಹೋದಷ್ಟೂ ಅದರ ಪಾಲು ಹೆಚ್ಚು, ಹುರಿತವೂ ಕಪ್ಪು.

ಚೀಲದ ಮೇಲಿನ 14

ಹುಡುಗ ನಿಲ್ಲಿಸಿದ್ದು ಒಂದು ಓಣಿಯ ಕಾಫಿ ಹುರಿಯುವ ಅಂಗಡಿಯ ಮುಂದೆ. ವಾಸನೆಯೇ ದಾರಿ ತೋರಿಸಿತ್ತು. ಒಳಗೆ ಅಳತೆಯ ತಕ್ಕಡಿ, ಗಾಜಿನ ಭರಣಿಗಳು, ಹಿಂಭಾಗದಲ್ಲಿ ಹುರಿಯುವ ಉರುಳೆ. ಗೋಡೆಗೆ ಒರಗಿಸಿ ಜೋಡಿಸಿದ್ದ ಗೋಣಿಚೀಲಗಳು.

ಮೂರನೆಯ ಚೀಲದ ಮುಂದೆ ಕೂತುಬಿಟ್ಟೆ. ಅದರ ಮೇಲೆ ಮಸಿಯಲ್ಲಿ ಅಚ್ಚಾಗಿದ್ದ ಸಂಖ್ಯೆ 14ರಿಂದ ಶುರುವಾಗಿತ್ತು. ಅಂತಾರಾಷ್ಟ್ರೀಯ ಕಾಫಿ ಸಂಸ್ಥೆ ಕಾಫಿ ರಫ್ತು ಮಾಡುವ ಪ್ರತಿ ದೇಶಕ್ಕೂ ಒಂದು ಸಂಖ್ಯೆ ಕೊಟ್ಟಿದೆ, 14 ನಮ್ಮದು. ಅದರ ಮುಂದೆ ರಫ್ತುದಾರರ ಸಂಖ್ಯೆ, ಆಮೇಲೆ ಸರಕಿನ ಸಂಖ್ಯೆ. ಕೆಳಗೆ ರೋಬಸ್ಟಾ ಪಾರ್ಚ್ಮೆಂಟ್ ಎಬಿ ಎಂಬ ದರ್ಜೆ. ಹೊಲಿಗೆಯ ಸಂದಿಯಲ್ಲಿ ಬೆರಳು ಹಾಕಿ ನಾಲ್ಕು ಕಾಳು ಅಂಗೈಗೆ ಹಾಕಿಕೊಂಡೆ. ಗುಂಡಗಿದ್ದವು, ಬೂದಿಗೆ ತುಸು ನೀಲಿ ಬೆರೆತ ಬಣ್ಣ. ನಡುವಿನ ಗೀಟು ಅರೇಬಿಕಾದ ಹಾಗೆ ಸೊಟ್ಟಗಿಲ್ಲ, ನೆಟ್ಟಗೆ. ಮೂಗಿಗೆ ಹಿಡಿದರೆ ಒಣ ಗೋಣಿಯ, ಹಸಿ ಹುಲ್ಲಿನ ವಾಸನೆ. ಚಿಕ್ಕಂದಿನಲ್ಲಿ ಕಣದಲ್ಲಿ ಕಾಲಿನಿಂದ ಸಾಲು ಎಳೆದ ಕಾಳು ಇದೇ.

ಅಂಗಡಿಯ ಯಜಮಾನರಿಗೆ ಅರವತ್ತು ದಾಟಿರಬೇಕು. ಯಾವ ಊರಿನಿಂದ ಬಂದೆನೆಂದು ಹುಡುಗ ಹೇಳಿದ ಕೂಡಲೇ ತಮ್ಮ ಮಿಶ್ರಣವನ್ನು ಬಿಡಿಸಿ ತೋರಿಸಿದರು. ಅರ್ಧಕ್ಕಿಂತ ಹೆಚ್ಚು ಬ್ರೆಜಿಲ್ಲಿನ ಅರೇಬಿಕಾ. ಹಣ್ಣಿನ ಸಮೇತ ಒಣಗಿಸಿದ್ದು; ಸಿಹಿ, ಕೋಕೊ, ಬೀಜದೆಣ್ಣೆಯ ರುಚಿ ಅದರಿಂದ. ಸ್ವಲ್ಪ ಮಧ್ಯ ಅಮೆರಿಕದ ತೊಳೆದ ಅರೇಬಿಕಾ. ಹುಳಿಯ ಚುರುಕಿಗೆ, ಪರಿಮಳಕ್ಕೆ. ಉಳಿದದ್ದು ಭಾರತದ ತೊಳೆದ ರೋಬಸ್ಟಾ. ರೋಬಸ್ಟಾದಲ್ಲಿ ಎಣ್ಣೆ ಕಡಿಮೆ, ಹಾಗಾಗಿ ನೊರೆ ಬೇಗ ಒಡೆಯುವುದಿಲ್ಲ. ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು. ಬಾಯಲ್ಲಿ ದಪ್ಪಗೆ ಕೂರುತ್ತದೆ. ಲೋಕದ ಹೆಚ್ಚಿನ ಕಡೆ ರೋಬಸ್ಟಾವನ್ನು ಹಣ್ಣಿನ ಸಮೇತ ಒಣಗಿಸಿಬಿಡುತ್ತಾರೆ. ಎಚ್ಚರ ಸಾಲದೆ ಒಣಗಿಸಿದರೆ ಮಣ್ಣು, ಮರದ ಪುಡಿಯ ರುಚಿ ಬರುತ್ತದೆ. ಭಾರತದ್ದು ಸಿಪ್ಪೆ ಬಿಡಿಸಿ ತೊಳೆದದ್ದಾದ್ದರಿಂದ ಶುದ್ಧ. ಅದಿಲ್ಲದಿದ್ದರೆ ತಮ್ಮ ಕಪ್ಪಿಗೆ ಮೈಯೇ ಇಲ್ಲ ಎಂದರು.

ಆಮೇಲೆ ಕೇಳದೆಯೇ ಒಂದು ಕೆಲಸ ಮಾಡಿದರು. ಬೇರೇನೂ ಬೆರೆಸದೆ ಆ ರೋಬಸ್ಟಾ ಒಂದನ್ನೇ ಬೀಸಿ ನನಗೊಂದು ಕಪ್ಪು ಇಳಿಸಿದರು. ನೊರೆ ಬೆರಳ ಗಿಣ್ಣಿನಷ್ಟು ದಪ್ಪ. ಕಹಿ ಜೋರಿತ್ತು, ಆದರೆ ಒರಟಾಗಿರಲಿಲ್ಲ. ಕಹಿಯ ಅಡಿಯಲ್ಲಿ ಕಪ್ಪು ಬೆಲ್ಲ, ಹುರಿಗಡಲೆ, ಕೊನೆಗೆ ಬೆಳಿಗ್ಗೆಯಿಂದ ನಾಲಿಗೆಯಲ್ಲಿ ಕೂತಿದ್ದ ಅದೇ ಧಾನ್ಯದ ವಾಸನೆ. ನನಗಾಗ ಐವತ್ತನಾಲ್ಕು ವರ್ಷ. ಅಷ್ಟು ವರ್ಷಗಳಲ್ಲಿ, ಚೆನ್ನಾಗಿ ಹುರಿದ, ಚಿಕೋರಿ ಬೆರೆಸದ ನಮ್ಮ ಕಡೆಯ ಒಳ್ಳೆ ರೋಬಸ್ಟಾವನ್ನು ನಾನು ಕುಡಿದದ್ದು ಅದೇ ಮೊದಲು.

ಹತ್ತು ಹನ್ನೊಂದು ತಿಂಗಳ ಕೂಸು

ನಮ್ಮ ಮನೆಯಲ್ಲಿ ಒಳ್ಳೆಯ ಕಾಳೆಲ್ಲ ಮಾರಾಟಕ್ಕೆ. ಗಿಡದ ಬುಡದಲ್ಲಿ ಉದುರಿದ್ದನ್ನು ಹೆಕ್ಕಿ, ಒಣಗಿಸಿ, ಕುಟ್ಟಿ, ಅಮ್ಮ ಬಾಣಲೆಯಲ್ಲಿ ಹುರಿಯುತ್ತಿದ್ದರು. ಅದರ ಬೆಲ್ಲದ ಕಾಫಿಯೇ ನಮ್ಮ ಬೆಳಗು, ಸಂಜೆ. ಅದರ ಮೇಲೆ ನನಗೆ ಪ್ರೀತಿ ಇದೆ. ಆದರೆ ತೋಟದ ರುಚಿ ಅದಲ್ಲ.

ಅರೇಬಿಕಾಕ್ಕೆ ಮರ್ಯಾದೆ ಜಾಸ್ತಿ. ಅದಕ್ಕೆ ಬಾಬಾ ಬುಡನ್ ಅವರ ಏಳು ಬೀಜದ ಕತೆಯಿದೆ, ಗಿರಿಯ ಹೆಸರಿದೆ. ರೋಬಸ್ಟಾ ಬಂದದ್ದು ಕಷ್ಟಕಾಲದಲ್ಲಿ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ನಮ್ಮ ತೋಟಗಳನ್ನೂ ಹಿಡಿಯಿತು. ಅದನ್ನು ತಾಳಿಕೊಳ್ಳುವ, ಕಾಂಗೊ ಸೀಮೆಯ ಮೂಲದ ಈ ಗಿಡವನ್ನು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ತಂದು ನೆಟ್ಟರು. ತಗ್ಗಿನಲ್ಲೂ ಬೆಳೆಯಿತು, ಸೆಕೆ ತಡೆಯಿತು, ಕೈತುಂಬ ಕೊಟ್ಟಿತು. ಇವತ್ತು ದೇಶದ ಕಾಫಿಯಲ್ಲಿ ಸುಮಾರು ಮುಕ್ಕಾಲು ಪಾಲು ರೋಬಸ್ಟಾ. ದೇಶದ ಒಟ್ಟು ಬೆಳೆಯಲ್ಲಿ ಸುಮಾರು ನೂರಕ್ಕೆ 70 ಪಾಲು ಕೊಡಗು, ಚಿಕ್ಕಮಗಳೂರು, ಹಾಸನದ್ದೇ. ನಮ್ಮ ಕಾಫಿಯನ್ನು ಕೊಳ್ಳುವ ದೇಶಗಳಲ್ಲಿ ಇಟಲಿ ಬಹುಕಾಲದಿಂದ ಮೊದಲ ಸಾಲಿನಲ್ಲಿದೆ.

ಫೆಬ್ರವರಿ, ಮಾರ್ಚಿನ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಿ ಹೂ ಬರಿಸಬೇಕು. ರೋಬಸ್ಟಾ ತನ್ನ ಹೂವಿನ ಪರಾಗದಿಂದ ತಾನೇ ಕಾಯಿ ಕಟ್ಟುವುದಿಲ್ಲ. ಗಾಳಿ, ಹೆಜ್ಜೇನು, ತುಡುವೆಗಳು ಗಿಡದಿಂದ ಗಿಡಕ್ಕೆ ಒಯ್ಯಬೇಕು. ಕಾಯಿ ಹಣ್ಣಾಗಲು ಹತ್ತು ಹನ್ನೊಂದು ತಿಂಗಳು. ಜನವರಿಯಿಂದ ಕೊಯ್ಲು. ಹಣ್ಣನ್ನು ಅದೇ ದಿನ ಸಿಪ್ಪೆ ಬಿಡಿಸುವ ಪಲ್ಪರಿಗೆ ಹಾಕಬೇಕು. ರೋಬಸ್ಟಾದ ಲೋಳೆ ಅರೇಬಿಕಾದ್ದಕ್ಕಿಂತ ಜಿಗುಟು, ಸುಲಭಕ್ಕೆ ಬಿಡುವುದಿಲ್ಲ. ತಿಕ್ಕಿ ತಿಕ್ಕಿ ತೊಳೆಯಬೇಕು. ಆಮೇಲೆ ಕಣದಲ್ಲಿ ತೆಳ್ಳಗೆ ಹರವಿ, ಹೊತ್ತುಹೊತ್ತಿಗೆ ತಿರುವಿ, ರಾತ್ರಿ ಇಬ್ಬನಿ ತಾಗದಂತೆ ಮುಚ್ಚಬೇಕು. ಹೀಗೆ ತೊಳೆದು ಒಣಗಿಸಿದ್ದೇ ಪಾರ್ಚ್ಮೆಂಟ್. ಒಣಗಿತೋ ಇಲ್ಲವೋ ಎಂದು ಅಪ್ಪ ಒಂದು ಕಾಳು ಕಚ್ಚಿ ನೋಡುತ್ತಿದ್ದರು. ಅಲ್ಲಿಂದ ಕ್ಯೂರಿಂಗ್ ವರ್ಕ್ಸ್‌ಗೆ. ಅಲ್ಲಿ ಹೊಟ್ಟು ಬಿಡಿಸಿ, ಜರಡಿಯಾಡಿಸಿ, ಎಬಿ, ಪೀಬೆರಿ, ಸಿ ಎಂದು ಬೇರೆ ಮಾಡಿ ಚೀಲ ಹೊಲಿಯುತ್ತಾರೆ.

ಒಂದು ವರ್ಷದ ಮಾತು ಈಗಲೂ ಮನಸ್ಸಿನಲ್ಲಿದೆ. ಕೊಳ್ಳಲು ಬಂದ ವ್ಯಾಪಾರಿ, ಕಾಳಿನಲ್ಲಿ ಹುಳಿವಾಸನೆ ಇದೆ, ಕಪ್ಪಿನಲ್ಲಿ ನಿಲ್ಲುವುದಿಲ್ಲ ಎಂದು ಮೂಟೆಗೆ ಇಷ್ಟೆಂದು ದರ ಇಳಿಸಿದರು. ಅಪ್ಪ ಮಾತಾಡದೆ ಒಪ್ಪಿಕೊಂಡರು. ಹೌದೋ ಅಲ್ಲವೋ ಎಂದು ಹೇಳಲು ಅವರಿಗೆ ದಾರಿಯಿರಲಿಲ್ಲ. ನಲವತ್ತು ವರ್ಷ ಕಾಫಿ ಬೆಳೆದ ಮನುಷ್ಯ ತನ್ನ ಒಳ್ಳೇ ಕಾಳನ್ನು ಒಂದು ದಿನವೂ ಹುರಿದು ಕುಡಿದಿರಲಿಲ್ಲ. ತ್ರಿಯೆಸ್ತೆಯ ಈ ಯಜಮಾನರು ಕೊಳ್ಳುವ ಮೊದಲು ಪ್ರತಿ ಸರಕನ್ನೂ ಹುರಿದು, ಬಿಸಿನೀರು ಹಾಕಿ, ಚಮಚದಲ್ಲಿ ಸುರ್ರೆಂದು ಎಳೆದು ನೋಡುತ್ತಾರೆ. ಕೊಳ್ಳುವವನಿಗೆ ಗೊತ್ತಿರುವುದು ಬೆಳೆದವನಿಗೆ ಗೊತ್ತಿಲ್ಲದಿದ್ದರೆ ಚೌಕಾಸಿ ಶುರುವಾಗುವ ಮೊದಲೇ ಬೆಳೆದವನು ಸೋತಿರುತ್ತಾನೆ.

ಹಳೇ ಬಂದರು, ಹಳೇ ಮೇಜು

ಮಧ್ಯಾಹ್ನ ಹಳೇ ಬಂದರಿನ ಕಡೆ ನಡೆದೆವು. ರೈಲು ನಿಲ್ದಾಣದ ಮಗ್ಗುಲಲ್ಲೇ ಇದೆ. 1868ರಿಂದ ಇಪ್ಪತ್ತು ವರ್ಷ ಆಸ್ಟ್ರಿಯಾದವರು ಕಟ್ಟಿದ ಸಾಲುಸಾಲು ಗೋದಾಮುಗಳು. ಕೆಲವು ದುರಸ್ತಿಯಾಗಿವೆ, ಕೆಲವು ಕಿಟಕಿಯಿಲ್ಲದೆ ನಿಂತಿವೆ. ಕೆಲಸ ಶುರುವಾದ ಮರುವರ್ಷವೇ, 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಈ ಊರಿನ ವರ್ತಕ ಪಾಸ್ಕ್ವಾಲೆ ರೆವೊಲ್ತೆಲ್ಲಾ ಆ ಕಾಲುವೆ ಕಂಪನಿಯ ಉಪಾಧ್ಯಕ್ಷನಾಗಿದ್ದ. ಇಲ್ಲಿನ ಲಾಯ್ಡ್ ಕಂಪನಿಯ ಹಡಗುಗಳು ಕಾಲುವೆ ಹಾಯ್ದು ಮುಂಬಯಿಗೆ ಹೋಗಿಬರತೊಡಗಿದವು.

ಸೂಯೆಜ್ ತೆರೆಯುವ ಮುಂಚೆ ನಮ್ಮ ಕಾಫಿ ಆಫ್ರಿಕಾ ಸುತ್ತಿ ಯುರೋಪಿಗೆ ಬರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಹಡಗಿನ ತೇವದಲ್ಲಿ ಕಾಳು ಉಬ್ಬಿ, ಹೊಂಬಣ್ಣಕ್ಕೆ ತಿರುಗಿ, ಹುಳಿ ಕಳೆದುಕೊಂಡು ಬರುತ್ತಿತ್ತು. ದಾರಿ ಚಿಕ್ಕದಾದಾಗ ಕೊಳ್ಳುವವರು ಹಳೇ ರುಚಿಯನ್ನೇ ಕೇಳಿದರು. ಅದಕ್ಕೆಂದೇ ಕರಾವಳಿಯ ಗೋದಾಮುಗಳಲ್ಲಿ ಜೂನಿನಿಂದ ಸೆಪ್ಟೆಂಬರಿನ ತನಕ ಕಾಳಿಗೆ ಮುಂಗಾರಿನ ಗಾಳಿ ಉಣಿಸುವ ಪದ್ಧತಿ ಬಂತು. ಮಂಗಳೂರಿನಿಂದ ಇವತ್ತಿಗೂ ಹೋಗುವ ಮಾನ್ಸೂನ್ಡ್ ಮಲಬಾರ್ ಅದೇ. ಎಸ್ಪ್ರೆಸೊ ಮಿಶ್ರಣದಲ್ಲಿ ಅದಕ್ಕೂ ಬೇಡಿಕೆಯಿದೆ.

ಗೋದಾಮಿನ ಗೋಡೆ ಮುಟ್ಟಿದೆ. ತಣ್ಣಗಿತ್ತು. ಈಗ ಕಾಫಿ ಕಂಟೈನರುಗಳಲ್ಲಿ ಹೊಸ ಬಂದರಿಗೆ ಬರುತ್ತದೆ. ಮೆಡಿಟರೇನಿಯನ್ನಿನ ದೊಡ್ಡ ಕಾಫಿ ಬಂದರುಗಳಲ್ಲಿ ಇದು ಇಂದಿಗೂ ಒಂದು.

ಚಳಿ ತಡೆಯದೆ ಕಾಫೆ ಸಾನ್ ಮಾರ್ಕೊದೊಳಗೆ ಹೋಗಿ ಕೂತೆವು. 1914ರ ಜನವರಿಯಲ್ಲಿ ತೆರೆದದ್ದು. ಇಟಲಿಯ ಪರ ಇದ್ದ ಯುವಕರ ಬೀಡಾಗಿತ್ತು; ಮರುವರ್ಷ ಇಟಲಿ ಯುದ್ಧಕ್ಕಿಳಿದಾಗ ಆಸ್ಟ್ರಿಯಾದ ಸೈನಿಕರು ಒಳನುಗ್ಗಿ ಧ್ವಂಸ ಮಾಡಿದರು. ಮತ್ತೆ ಎದ್ದು ನಿಂತಿತು. ಲೇಖಕ ಕ್ಲಾಡಿಯೊ ಮಾಗ್ರಿಸ್ ಇಲ್ಲೇ ಕೂತು ಬರೆಯುವವರೆಂದು ಪ್ರಸಿದ್ಧಿ. ಜೇಮ್ಸ್ ಜಾಯ್ಸ್ ಇಂಗ್ಲಿಷ್ ಮೇಷ್ಟರಾಗಿ ವರ್ಷಗಟ್ಟಲೆ ಬದುಕಿದ ಊರೂ ಇದೇ. ಅಮೃತಶಿಲೆಯ ಮೇಜು, ಎರಕದ ಕಾಲು, ಒಂದು ಬದಿಗೆ ಪುಸ್ತಕದಂಗಡಿ. ತಲೆಯೆತ್ತಿದರೆ ಗೋಡೆಯ ಮೇಲ್ಭಾಗದಲ್ಲಿ ಕಾಫಿ ಎಲೆಗಳ ಅಲಂಕಾರ. ಚಿತ್ರ ಬರೆದವರು ಗಿಡ ಕಂಡಿದ್ದರೋ ಇಲ್ಲವೋ, ನನಗೆ ಮಾತ್ರ ಆ ಎಲೆಗಳನ್ನು ನೋಡಿ ತೋಟದ ಬೇಲಿ ದಾಟಿದ ಹಾಗಾಯಿತು.

ಕಲ್ಲಿನ ಕಟ್ಟೆಯ ತುದಿಯಲ್ಲಿ

ಸಂಜೆ ನಾಲ್ಕಕ್ಕೆ ಮೋಲೊ ಔದಾಚೆ. ಇನ್ನೂರು ಮೀಟರಿಗೂ ಉದ್ದಕ್ಕೆ ಸಮುದ್ರದೊಳಕ್ಕೆ ಚಾಚಿದ ಕಲ್ಲಿನ ಕಟ್ಟೆ. ಹಿಂದೆ ಹಡಗು ಕಟ್ಟುತ್ತಿದ್ದ ಜಾಗ, ಈಗ ಊರಿನವರ ಗಾಳಿಸೇವನೆಗೆ. ಬೋರಾ ತಗ್ಗಿತ್ತು. ದೂರದಲ್ಲಿ ಒಂದು ಸರಕಿನ ಹಡಗು ಬಂದರಿನ ಸರದಿಗೆ ಕಾಯುತ್ತ ನಿಂತಿತ್ತು. ನಮ್ಮೂರಿನಲ್ಲಿ ಆಗ ರಾತ್ರಿ ಎಂಟೂವರೆ. ಅಣ್ಣನಿಗೆ ಫೋನು ಮಾಡಿದೆ.

“ಈ ಸಲ ಕೊಯ್ಲಲ್ಲಿ ಹತ್ತು ಕೆಜಿ ಪಾರ್ಚ್ಮೆಂಟ್ ಮನೆಗೆ ಇಟ್ಟುಕೋ ಅಣ್ಣ. ಮಾರಬೇಡ.”

“ಮನೆಗೆ ಹೆಕ್ಕಿದ್ದು ಇರುತ್ತಲ್ಲ ಮಾರಾಯ್ತಿ.”

“ಹೆಕ್ಕಿದ್ದಲ್ಲ. ಕಣದ ನಡುವಿಂದು, ಎಲ್ಲಕ್ಕಿಂತ ಒಳ್ಳೇದು. ಬಂದು ನಾನೇ ಹುರೀತೀನಿ. ನೀನು, ಅತ್ತಿಗೆ, ಕಣದಲ್ಲಿ ಕೆಲಸ ಮಾಡೋರು, ಎಲ್ಲರೂ ಕೂತು ಒಂದು ಸಲ ಕುಡಿಯೋಣ. ವ್ಯಾಪಾರಿ ಬರೋದು ಅದಾದ ಮೇಲೆ.”

ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಜೀರುಂಡೆಯ ಸದ್ದು ಮಾತ್ರ ಕೇಳುತ್ತಿತ್ತು.

“ಅಪ್ಪ ಇರಬೇಕಿತ್ತು,” ಎಂದ ಅಣ್ಣ. ಆಮೇಲೆ ಕೇಳಿದ: “ಹುರಿಯೋಕೆ ಬಾಣಲೆ ಸಾಕಾ, ಬೇರೆ ಏನಾದ್ರೂ ತರಿಸಬೇಕಾ?”